ಕೊಳಗದ ಬಾಯಿ ಎಷ್ಟು ಅಗಲ?

ಕಾಗೋಡು ಸತ್ಯಾಗ್ರಹ ಅಂದರೆ ನಮಗೆಲ್ಲ ನೆನಪಾಗುವುದು ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ. ಆದರೆ 1951ರಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಜಗಳ ಹತ್ತಿಕೊಂಡದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಒಡೆಯರು ಬಳಸುವ ಕೊಳಗ ದೊಡ್ಡದು, ಸರಿಯಾದ ಕೊಳಗದಲ್ಲೇ ಅಳೆದುಕೊಳ್ಳಿ ಎಂದು ಗೇಣಿದಾರರು ಪಟ್ಟು ಹಿಡಿದರು. ಅವರಲ್ಲಿ ಹೆಚ್ಚಿನವರು ದೀವರು.

ಎಷ್ಟು ದೊಡ್ಡದಾದರೆ ಮೋಸ? ಹೈಸ್ಕೂಲಿನ ಲೆಕ್ಕ ಸಾಕು. ಕೊಳಗವನ್ನು ನೆಟ್ಟಗಿನ ಸಿಲಿಂಡರ್ ಎಂದುಕೊಳ್ಳಿ. ಅದರ ಘನಫಲ ಪೈ ಗುಣಿಸು ತ್ರಿಜ್ಯದ ವರ್ಗ ಗುಣಿಸು ಎತ್ತರ. ‘ವರ್ಗ’ ಎಂಬ ಪದದಲ್ಲೇ ಎಲ್ಲ ಇದೆ. ಬಾಯಿಯ ಅಗಲ 10 ಅಂಗುಲದಿಂದ 11 ಆದರೆ, ಎತ್ತರ ಅಷ್ಟೇ ಇದ್ದರೂ, ಹಿಡಿಯುವ ಭತ್ತ ನೂರಕ್ಕೆ 21 ಹೆಚ್ಚು. ಒಂದಂಗುಲ ಯಾರ ಕಣ್ಣಿಗೆ ಬೀಳುತ್ತದೆ? ಖಂಡುಗಕ್ಕೆ 20 ಕೊಳಗ. ಒಂದು ಖಂಡುಗ ಗೇಣಿ ಕೊಡುವವನು ನಾಲ್ಕು ಕೊಳಗಕ್ಕಿಂತ ಹೆಚ್ಚು ಭತ್ತ ಸುಮ್ಮನೆ ಸುರಿದಂತಾಯಿತು.

ಧಾನ್ಯ ಅಳೆಯುವಲ್ಲೆಲ್ಲ ಇನ್ನೊಂದು ತಕರಾರೂ ಇದ್ದೇ ಇದೆ. ಕಂಠಕ್ಕೆ ಸಮ ಮಾಡಿ ಅಳೆಯಬೇಕೋ, ಗೋಪುರ ಏರಿಸಿಯೋ? ಆ ಗೋಪುರವೇ ಶಂಕು. ಅದರ ಘನಫಲ ಅಷ್ಟೇ ಅಗಲ, ಅಷ್ಟೇ ಎತ್ತರದ ಸಿಲಿಂಡರಿನ ಮೂರನೇ ಒಂದು ಪಾಲು. ಭತ್ತ ಎಷ್ಟು ಎತ್ತರ ನಿಲ್ಲುತ್ತದೆ? ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ ರಾಶಿ ಅಳೆಯುವ ಲೆಕ್ಕಕ್ಕೇ ಜಾಗ ಕೊಟ್ಟಿದ್ದಾರೆ. ಮುಳ್ಳಿರುವ ಧಾನ್ಯದ ರಾಶಿಯ ಎತ್ತರ ಸುತ್ತಳತೆಯ ಒಂಬತ್ತನೇ ಒಂದು ಭಾಗ. ಸುತ್ತಳತೆಯ ಆರನೇ ಒಂದರ ವರ್ಗವನ್ನು ಎತ್ತರದಿಂದ ಗುಣಿಸಿದರೆ ಘನಫಲ. ಪೈ ಅನ್ನು ಬರೀ 3 ಎಂದು ಹಿಡಿದ ಲೆಕ್ಕವಿದು, ಕಣದಲ್ಲಿ ಹಗ್ಗ ಹಿಡಿದು ನಿಂತವನಿಗೆ ಅಷ್ಟು ಸಾಕು.

ಈಗ 10 ಅಂಗುಲ ಅಗಲ, 7 ಅಂಗುಲ ಎತ್ತರದ ಕೊಳಗ ತೆಗೆದುಕೊಳ್ಳಿ. ಮೇಲೆ ನಿಲ್ಲುವ ಗೋಪುರ ಸುಮಾರು ಮೂರೂವರೆ ಅಂಗುಲ. ಅಂದರೆ ಆರನೇ ಒಂದು ಪಾಲು ಹೆಚ್ಚು. ಆರು ಅಳೆದರೆ ಏಳು ಹೋಯಿತು. ಅಷ್ಟೇ ಭತ್ತ ಹಿಡಿಯುವ ಕೊಳಗವನ್ನು 14 ಅಂಗುಲ ಅಗಲಕ್ಕೆ, ತಟ್ಟೆಯಂತೆ ಮಾಡಿಸಿದರೆ? ಗೋಪುರವೊಂದೇ ಕೊಳಗದ ಅರ್ಧಕ್ಕೆ ಹತ್ತಿರ ಬರುತ್ತದೆ. ಸಮ ಮಾಡಿ ಪರೀಕ್ಷಿಸಿದರೆ ಎರಡೂ ಕೊಳಗ ಸರಿಯೇ! ಅದಕ್ಕೇ ಅಳತೆಯ ಪಾತ್ರೆಗೆ ಎಷ್ಟು ಹಿಡಿಯಬೇಕು ಎನ್ನುವುದರ ಜೊತೆಗೆ ಆಕಾರ ಹೇಗಿರಬೇಕು ಎಂದೂ ಗೊತ್ತು ಮಾಡಬೇಕು. 1789ರಲ್ಲಿ ಫ್ರಾನ್ಸಿನ ರೈತರೂ ಒಡೆಯರ ಅಳತೆ ಪಾತ್ರೆಗಳ ಮೇಲೆ ದೂರು ಬರೆಸಿದ್ದರು, ಆರೇ ವರ್ಷದಲ್ಲಿ ಅಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು ಬಂತು.

ಕಾಗೋಡಿನಲ್ಲಿ ಗೇಣಿದಾರರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. 1951ರ ಏಪ್ರಿಲ್ 18ರಂದು ರೈತರು ಗದ್ದೆಗೆ ಇಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಕೈಜೋಡಿಸಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದರು. ಗೇಣಿಯನ್ನೇ ಇಲ್ಲವಾಗಿಸಿದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

ಈ ಮೂರು ತಾಲ್ಲೂಕಿನ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಕೊಳಗ ಉಳಿದಿದ್ದರೆ, ಒಳಗಿನ ಅಗಲ ಮತ್ತು ಎತ್ತರ ಅಳೆದು ಫೋಟೋ ಜೊತೆ ನಮಗೆ ಕಳಿಸಿ. ಲೆಕ್ಕ ನಾವು ಹಾಕುತ್ತೇವೆ.