ಎರಡನೇ ಸಲ ಎದೆ ತೆರೆಯುವ ಮುನ್ನ

ಗೋಕುಲ ರಸ್ತೆಯ ನಮ್ಮ ಆಫೀಸಿನಾಗ ಸ್ಟೆಂಟ್, ಬೈಪಾಸ್ ಅಂದ್ರ ಎಲ್ಲರಿಗೂ ಗೊತ್ತು. ‘ರೀಡೂ’ ಅಂದ್ರ ಹುಬ್ಬೇರಿಸ್ತಾರ. ಒಮ್ಮೆ ಆಪರೇಶನ್ ಆದ ಎದೆಯನ್ನು ಮತ್ತೆ ತೆರೆಯೋದಕ್ಕೆ ಡಾಕ್ಟರುಗಳು ಹೇಳೋ ಹೆಸರು ಅದು. ಅದರ ಚರಿತ್ರೆ ನಮ್ಮ ಹಿರಿಯರ ಮೈಮೇಲೇ ಬರೆದದ ನೋಡ್ರಿ.

ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದವರಿಗೆ ಮುಂದೆ ಹೃದಯದ ಮೈಟ್ರಲ್ ಕವಾಟ ಕಿರಿದಾಗಬಹುದು. ಮೆಟ್ಟಿಲು ಹತ್ತಿದರ ದಮ್ಮು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಮಿಡಿಯುವ ಹೃದಯದೊಳಗೆ ಬೆರಳು ತೂರಿಸಿ ಇಂಥ ಕವಾಟ ಬಿಡಿಸಲು ನೋಡಿದರು. ಹುಡುಗಿ ಬದುಕಿದಳು; ಆದರ ಅವರ ಬಳಿಗೆ ಇನ್ನೊಬ್ಬ ರೋಗಿಯನ್ನು ಯಾರೂ ಕಳಿಸಲಿಲ್ಲ! 1948ರಲ್ಲಿ ಅಮೆರಿಕದ ಬೇಲಿ, ಹಾರ್ಕೆನ್ ಮಾಡಿ ತೋರಿಸಿದ ಮೇಲೆ ಅದು ರೂಢಿಗೆ ಬಂತು. ವೆಲ್ಲೂರಿನ ಸಿಎಂಸಿ ವೈದ್ಯರು 1983ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇಂಥ 3,724 ರೋಗಿಗಳಿದ್ದರು.

ಆ ಆಪರೇಶನ್ ನಡೆದದ್ದು ಎಡಪಕ್ಕೆಲುಬುಗಳ ಸಂದಿನಿಂದ. ಹಾರ್ಟ್-ಲಂಗ್ ಮಷೀನು ಬೇಕಿರಲಿಲ್ಲ. ಆದರ ಎಷ್ಟೋ ಜನರಿಗೆ ವರ್ಷಗಳ ಮೇಲೆ ಕವಾಟ ಮತ್ತೆ ಬಿಗಿಯಿತು. ಆಗ ಕವಾಟ ಬದಲಿಸಲು ನಡು ಎದೆಯ ಎಲುಬು ಕೊಯ್ಯಬೇಕಾಯ್ತು. ಮೊದಲಿನವರು ಅದನ್ನು ಮುಟ್ಟದೇ ಬಿಟ್ಟದ್ದು ಉಪಕಾರವೇ ಆಯ್ತು ಅನ್ನಿಸ್ತದ ನನಗೆ.

ಯಾಕಂದ್ರ ಅದೇ ಎಲುಬನ್ನು ಎರಡನೇ ಸಲ ಕೊಯ್ಯೋದು ಬೇರೆ ಮಾತು. ಗಾಯ ಮಾಯುವಾಗ ಹೃದಯ, ದೊಡ್ಡ ರಕ್ತನಾಳಗಳು ಎಲುಬಿನ ಹಿಂಬದಿಗೆ ಅಂಟಿಕೊಂಡಿರಬಹುದು. ಗರಗಸ ತುಸು ಆಳಕ್ಕಿಳಿದರ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಮೊದಲೇ ಸಿಟಿ ಸ್ಕ್ಯಾನ್ ಮಾಡಿ ಅಂತರ ನೋಡ್ತಾರೆ. ಅಪಾಯ ಹೆಚ್ಚಿದ್ದರ ತೊಡೆಸಂದಿನ ರಕ್ತನಾಳದಿಂದ ಮಷೀನು ಜೋಡಿಸಲು ತಯಾರಿ ಇಟ್ಟುಕೊಳ್ತಾರೆ.

ಎದೆ ತೆರೆಯದೇ ಆದೀತೇ ಅನ್ನೋ ಹುಡುಕಾಟವೂ ನಡೆದಿತ್ತು. ಜಪಾನಿನ ಕಾಂಜಿ ಇನೋವೆ ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಕವಾಟ ಬಿಡಿಸುವ ವಿಧಾನವನ್ನು 1984ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಜಯದೇವ ಆಸ್ಪತ್ರೆ ಅದರಲ್ಲಿ ಹೆಸರು ಮಾಡಿತು. 1990ರಲ್ಲಿ ತಿರುವನಂತಪುರದಲ್ಲಿ ದೇಶೀ ಚಿತ್ರಾ ಕವಾಟವನ್ನು ಮೊದಲು ರೋಗಿಗೆ ಕೂರಿಸಿದರು. ಅದರ ಹಿಂದಿದ್ದ ಎಂ.ಎಸ್. ವಲಿಯಥಾನ್ ಮುಂದೆ ನಮ್ಮ ಮಣಿಪಾಲದ ಕುಲಪತಿಯಾದರು. ಇಂಥ ಲೋಹದ ಕವಾಟ ಬಾಳಿಕೆ ಬರ್ತದ, ಆದರ ರಕ್ತ ತೆಳು ಮಾಡೋ ಗುಳಿಗೆ ಜೀವನಪೂರ್ತಿ. ಪ್ರಾಣಿ ಅಂಗಾಂಶದ ಕವಾಟ ಸವೆಯುತ್ತದೆ. ಹೀಗೆ ಸವೆದ ಕೆಲವು ಕವಾಟಗಳೊಳಗೆ ಈಗ ರಕ್ತನಾಳದ ಮೂಲಕವೇ ಹೊಸದನ್ನು ಕೂರಿಸ್ತಾರೆ.

ಯಾರಿಗೆ ಯಾವ ದಾರಿ ಅನ್ನೋದನ್ನು ನಿರ್ಧರಿಸುವಾಗ ಮೊದಲ ಆಪರೇಶನ್‌ನಲ್ಲಿ ಏನು ಮಾಡಿದ್ದರು ಅನ್ನೋದು ಬಹಳ ಮುಖ್ಯ. ನಿಮ್ಮ ಅಜ್ಜಿ, ದೊಡ್ಡಪ್ಪನ ಹಳೇ ಡಿಸ್ಚಾರ್ಜ್ ಕಾರ್ಡು ಟ್ರಂಕಿನಾಗ ಇದ್ದರ ರದ್ದಿಗೆ ಹಾಕಬ್ಯಾಡ್ರಿ. ಫೋಟೋ ತಗೊಂಡು ಇಟ್ಕೊಳ್ರಿ.