ಕಂಬಳದ ಪದಕ

ತುಳುನಾಡಿನ ಕೆಸರುಗದ್ದೆಯ ಕೋಣಗಳ ಓಟದಲ್ಲಿ ಗೆದ್ದ ಜೋಡಿಯ ಯಜಮಾನರಿಗೆ ಸಲ್ಲುವ ಚಿನ್ನದ ಬಹುಮಾನ. ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿ, ಕಕ್ಯಪದವು, ಬೆಳ್ತಂಗಡಿ ತಾಲ್ಲೂಕಿನ ವೇಣೂರು ಪೆರ್ಮುಡ, ಬಂಗಾಡಿ, ಮೂಡುಬಿದಿರೆಯ ಕಡಲಕೆರೆ ಈ ಓಟಕ್ಕೆ ಹೆಸರಾದ ಸ್ಥಳಗಳು.

ಹಿಂದೆ ಕಂಬಳದಲ್ಲಿ ಪೈಪೋಟಿಯೇ ಇರಲಿಲ್ಲ. ಕೋಣಗಳನ್ನು ಒಂದು ಜೋಡಿಯ ಹಿಂದೆ ಮತ್ತೊಂದರಂತೆ ಗದ್ದೆಗಿಳಿಸುವುದು ದೈವದೇವರಿಗೆ ಸಲ್ಲಿಸುವ ಹರಕೆ, ಜಾನುವಾರುಗಳನ್ನು ರೋಗದಿಂದ ಕಾಪಾಡಿದ್ದಕ್ಕೆ ಒಪ್ಪಿಸುವ ಕೃತಜ್ಞತೆ. ಚೆನ್ನಾಗಿ ಓಡಿದ ಜೋಡಿಗೆ ಬಾಳೆಗೊನೆ, ತೆಂಗಿನಕಾಯಿ ಸಿಗುತ್ತಿತ್ತು. ಗೌರವವನ್ನು ಅಂದೇ ಮನೆಗೆ ಒಯ್ದು ತಿಂದು ಮುಗಿಸಬಹುದಿತ್ತು! ಜೋಡುಕರೆ, ಅಂದರೆ ಅಕ್ಕಪಕ್ಕದ ಎರಡು ಓಟದ ಹಾದಿಗಳು, ಬಂದ ಮೇಲೆ ಚಿತ್ರ ಬದಲಾಯಿತು. ಬಜಗೋಳಿಯ ಲವ-ಕುಶ ಜೋಡುಕರೆ ಕಂಬಳ 1969-70ರಲ್ಲಿ ಆರಂಭವಾದದ್ದು. ಎರಡು ಕರೆಗಳಲ್ಲಿ ಎರಡು ಜೋಡಿ ಒಟ್ಟಿಗೆ ಓಟ ಶುರುವಾಗುವ ಗಂತಿನಿಂದ ಹೊರಟು ಓಟ ಮುಗಿಯುವ ಮಂಜೊಟ್ಟಿ ಮುಟ್ಟುವಾಗ ಸೋಲು-ಗೆಲುವು ಎಲ್ಲರ ಕಣ್ಣಿಗೂ ಕಾಣುತ್ತದೆ. ಅಂಥ ಗೆಲುವಿಗೆ ಬಾಳೆಗೊನೆ ಸಾಲಲಿಲ್ಲ.

ಪದಕದ ಅಳತೆ ಪವನ್. ಬ್ರಿಟಿಷರ ಚಿನ್ನದ ಪೌಂಡ್ ನಾಣ್ಯದಿಂದ ಬಂದ ಈ ಮಾತು ಕರಾವಳಿಯಲ್ಲಿ ಸುಮಾರು 8 ಗ್ರಾಂ ಚಿನ್ನಕ್ಕೆ ನಿಂತಿದೆ. ದೊಡ್ಡ ಕಂಬಳಗಳಲ್ಲಿ ಹಿರಿಯ ವಿಭಾಗದ ಪ್ರಥಮಕ್ಕೆ ಎರಡು ಪವನ್, ದ್ವಿತೀಯಕ್ಕೆ ಒಂದು ಪವನ್ ಕೊಡುವುದು ರೂಢಿ. ಒಲಿಂಪಿಕ್ಸ್‌ನ ಚಿನ್ನ, ಬೆಳ್ಳಿ, ಕಂಚಿನ ಮೆಟ್ಟಿಲು ಇಲ್ಲಿಲ್ಲ. ಎರಡನೆಯವರಿಗೂ ಚಿನ್ನವೇ, ತೂಕ ಮಾತ್ರ ಕಡಿಮೆ. ಕಂಬಳದ ಪದಕದಲ್ಲಿ ಕುಸುರಿಗಿಂತ ತೂಕಕ್ಕೇ ಬೆಲೆ.

ನೇಗಿಲು, ಹಗ್ಗ, ಅಡ್ಡಹಲಗೆ ವಿಭಾಗಗಳಲ್ಲಿ ವೇಗವೇ ನಿರ್ಣಾಯಕ. ಕನೆಹಲಗೆಯಲ್ಲಿ ಹಾಗಲ್ಲ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ನೋಡಲು ಇದರಷ್ಟು ಚೆಂದದ ವಿಭಾಗ ಮತ್ತೊಂದಿಲ್ಲ.

ಫಲಿತಾಂಶದ ಪಟ್ಟಿಯಲ್ಲಿ ಮೊದಲು ಬರುವುದು ಯಜಮಾನರ ಹೆಸರು. ‘ಓಡಿಸಿದವರು’ ಎಂದು ಓಟಗಾರನ ಹೆಸರು ಕೆಳಗೆ. ಈ ಕ್ರಮವನ್ನು ತಲೆಕೆಳಗಾಗಿಸಿದವರು ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ. 2020ರ ಫೆಬ್ರವರಿ 1ರಂದು ಐಕಳದಲ್ಲಿ ಅವರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಓಟಗಾರನನ್ನೇ ಹುಡುಕಿಕೊಂಡು ಬಂತು. ರಾಜ್ಯ ಸರ್ಕಾರ 3 ಲಕ್ಷ ರೂಪಾಯಿ ಕೊಟ್ಟು ಗೌರವಿಸಿತು.

ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೂ ತೊಡಕು ಬಂತು. ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಕಂಬಳದಲ್ಲಿ ಪ್ರಥಮ ಬಹುಮಾನ 16 ಗ್ರಾಂ ಚಿನ್ನ ಮತ್ತು ಒಂದು ಲಕ್ಷ ರೂಪಾಯಿ. ನಗದು ಸೇರಿತೇ ಹೊರತು ಚಿನ್ನದ ತೂಕ ಊರಿನದೇ, ಎರಡು ಪವನ್.