‘ಡಯಟೀಷಿಯನ್’ ಹೇಳಿದರೆ ಶುಗರ್ ಮಾತ್ರೆ ಬಿಡಬಹುದೇ?

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಗೆಳೆಯರ ವಾಟ್ಸಾಪ್ ಗುಂಪಿಗೆ ‘ಡಯಟೀಷಿಯನ್ ಸಲಹೆ: ಅನ್ನ ಬಿಡಿ, ಶುಗರ್ ಮಾತ್ರೆಯನ್ನೂ ಬಿಡಿ’ ಎಂಬ ಫಾರ್ವರ್ಡ್ ಬಂತೆನ್ನಿ. ಹೇಳಿದವರು ಯಾರು ಎಂದು ಮೊದಲು ಕೇಳಿ.

ನಮ್ಮಲ್ಲಿ ಬಹುಕಾಲ ಯಾರು ಬೇಕಾದರೂ ಈ ಹೆಸರಿನ ಬೋರ್ಡ್ ಹಾಕಿಕೊಳ್ಳಬಹುದಿತ್ತು. ಹೆಸರಿನ ಮುಂದಿನ ‘ಆರ್‌ಡಿ’ ಎಂದರೆ ರಿಜಿಸ್ಟರ್ಡ್ ಡಯಟೀಷಿಯನ್. ಪೋಷಣಾ ವಿಜ್ಞಾನ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ಪರೀಕ್ಷೆ ಪಾಸಾದವರು. ನಂಬಬಹುದಾದ ಗುರುತೇ, ಆದರೆ ಸರ್ಕಾರದ ಲೈಸೆನ್ಸ್ ಅಲ್ಲ. ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟರನ್ನು ರಾಜ್ಯ ಮಂಡಳಿಯ ನೋಂದಣಿಗೆ ಒಳಪಡಿಸುವ ಕೇಂದ್ರ ಕಾಯ್ದೆ ಬಂದದ್ದು 2021ರಲ್ಲಷ್ಟೇ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಅಸಲಿ ಡಯಟೀಷಿಯನ್ ಊಟ ಬದಲಿಸಿಕೊಡುತ್ತಾರೆ. ಮಾತ್ರೆ, ಇನ್ಸುಲಿನ್ ನಿಲ್ಲಿಸಲು ಹೇಳುವುದಿಲ್ಲ. ಅದು ಡಾಕ್ಟರ ಕೆಲಸ.